‘ಬ್ಲರಿ’ಗೆ ಒಂದು ಉದಾಹರಣೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಣ್ಣಿನ ಆಸ್ಪತ್ರೆಯ ಒಳಕೋಣೆಯ ಕುರ್ಚಿಯಲ್ಲಿ ಕೂತು, ಎದುರು ಗೋಡೆಯ ನಾಲ್ಕನೇ ಸಾಲನ್ನು ಅವನು ‘ಗಡಿಯಾರ’ ಎಂದು ಓದಿದ. ಅಲ್ಲಿ ಹಾಗೆ ಬರೆದಿರಲಿಲ್ಲ.

“ಮುಂದಿನ ಸಾಲು, ಸರ್,” ಎಂದಳು ಪರೀಕ್ಷೆ ಮಾಡುತ್ತಿದ್ದ ಹುಡುಗಿ. ಅವಳ ದನಿಯಲ್ಲಿ ಏನೂ ಇರಲಿಲ್ಲ. ಅವನು ಧೈರ್ಯ ತಂದುಕೊಂಡು ‘ನೆರೆಹೊರೆ’ ಎಂದ. ಅದರ ಕೆಳಗಿನದು ಇನ್ನೂ ಸಣ್ಣದು, ಬಿಳಿ ಗೋಡೆಯ ಮೇಲೆ ಇರುವೆ ಸಾಲು ನಿಂತು ಯೋಚಿಸುತ್ತಿರುವ ಹಾಗೆ. ಅದಕ್ಕೂ ಒಂದು ಪದ ಹೊಳೆಯಿತು. ‘ಹೊರಗಡೆ’ ಎಂದ. ಒಂದೇ ಉಸಿರಿಗೆ, ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸಿದ ಹಾಗೆ, ಅನುಮಾನ ಬರುವ ಮೊದಲೇ ಮುಗಿಸಿಬಿಡಬೇಕೆಂದು. ಹುಡುಗಿ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. “ಸರ್, ಆ ಚಾರ್ಟಲ್ಲಿ ಪದಗಳೇ ಇಲ್ಲ. ಬಿಡಿ ಅಕ್ಷರ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ನಾನಿಲ್ಲಿ ಸೇರಿದಾಗಿನಿಂದ ಅದರಲ್ಲಿ ಗಡಿಯಾರ ನೋಡಿದವರು ನೀವೇ ಮೊದಲು.”

ಕಿವಿ ಬಿಸಿಯಾಯಿತು. ಇದು ಅವನ ಕಸುಬಿನವರು ಮಾತ್ರ ಮಾಡುವ ತಪ್ಪು. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ನಿಘಂಟಿನ ಕಚೇರಿಯಲ್ಲಿ ಅವನ ಅರ್ಧ ಆಯುಷ್ಯ ಕಳೆದಿದೆ; ಕಣ್ಣಿಗೆ ನಾಲ್ಕು ಅಕ್ಷರ ಬಿದ್ದರೆ ಸಾಕು, ಅವು ಸುಮ್ಮನೆ ಅಕ್ಷರವಾಗಿ ಇರಲು ಅವನು ಬಿಡುವುದಿಲ್ಲ. ಎಳೆದು ತಂದು ಪದ ಮಾಡುತ್ತಾನೆ. ಈಚೆಗಂತೂ ಕಣ್ಣು ಕೊಡುವುದು ಕಾಲು ಭಾಗ, ಮಿಕ್ಕ ಮುಕ್ಕಾಲನ್ನು ಅಭ್ಯಾಸವೇ ತುಂಬುತ್ತಿತ್ತು, ಮತ್ತು ಆ ಮುಕ್ಕಾಲು ಎಷ್ಟು ಚೆನ್ನಾಗಿ ತುಂಬುತ್ತಿತ್ತೆಂದರೆ ತನಗೆ ಕಾಣುತ್ತಿದೆ ಎಂದೇ ಅವನು ಹಲವು ಸಲ ನಂಬಿಬಿಡುತ್ತಿದ್ದ. ಹೋದ ತಿಂಗಳು ಒಂದು ಕರಡಚ್ಚಿನಲ್ಲಿ ಒಂದೇ ಸಾಲು ಎರಡು ಸಲ ಬಿದ್ದಿತ್ತು, ಅವನು ದಾಟಿಸಿಬಿಟ್ಟಿದ್ದ. ಪಕ್ಕದ ಮೇಜಿನ ಅಲ್ಪವಿರಾಮ ಅದನ್ನು ಎತ್ತಿಕೊಂಡು ಬಂದು, “ಗುರುಗಳೇ, ಇದೊಂಚೂರು ನೋಡಿ, ನನ್ನ ಕಣ್ಣೇ ಸರಿ ಇಲ್ವೇನೋ, ಒಂದು ಎರಡಾಗಿ ಕಾಣ್ತಿದೆ,” ಎಂದಿದ್ದ. ಅಲ್ಪವಿರಾಮ ಎಂದು ಕಚೇರಿಯವರು ಇಟ್ಟ ಹೆಸರು. ಆಸಾಮಿ ಸಣ್ಣವ, ಬೆನ್ನು ತುಸು ಬಾಗಿದೆ, ಮಾತಿನ ನಡುವೆ ಎಲ್ಲೆಂದರಲ್ಲಿ ನಿಲ್ಲುತ್ತಾನೆ. ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಂಡ ಅವನ ಮರ್ಯಾದೆ ಒಂದು ವಾರ ಮುಳ್ಳಿನ ಹಾಗೆ ಚುಚ್ಚಿತ್ತು. ಬೈದಿದ್ದರೆ ವಾಸಿಯಿತ್ತು.

ಹುಡುಗಿ ಅವನ ಗಲ್ಲವನ್ನು ಯಂತ್ರದ ಬಟ್ಟಲಿಗೆ ಇಡಿಸಿ, ಹಣೆ ಪಟ್ಟಿಗೆ ಒತ್ತಿ ಎಂದು, ಕಣ್ಣೊಳಕ್ಕೆ ಬೆಳಕಿನ ಒಂದು ಸೀಳು ಬಿಟ್ಟಳು. ಅವಳಿಗೆ ಇವತ್ತು ಬೇಕಾದದ್ದು ಅವನ ಕಣ್ಣು; ಅವನಿಗೆ ಬೇಕಾದದ್ದು ಒಂದು ಚೀಟಿ. ‘ಓದುವ ಕೆಲಸಕ್ಕೆ ಕಣ್ಣು ಸರಿ ಇದೆ’ ಎಂದು ವೈದ್ಯರು ರುಜು ಹಾಕಿದ ಚೀಟಿ ಕೊಟ್ಟರೆ ನಿಘಂಟಿನ ಕೊನೆಯ ಓದು ಅವನದು. ಅಚ್ಚಿಗೆ ಹೋಗುವ ಮುನ್ನ ಇಡೀ ಗ್ರಂಥವನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಒಬ್ಬನೇ ಕೂತು ಓದುವುದು. ಆ ಕಚೇರಿಗೆ ಅವನು ಸೇರಿದ್ದೇ ಈ ಆಸೆಗೆ. ಚೀಟಿ ಕೇಳುವ ನಿಯಮಕ್ಕೂ ಕಾರಣವಿತ್ತು: ಹಿಂದಿನ ಆವೃತ್ತಿಯಲ್ಲಿ ಕೊನೆಯ ಓದು ಮಾಡಿದ ಹಿರಿಯರು ಎರಡು ಪುಟ ಅದಲುಬದಲಾದದ್ದನ್ನು ಕಾಣದೆ ಬಿಟ್ಟಿದ್ದರು. ಪುಸ್ತಕ ಮಾರಾಟವಾಗಿ ವರ್ಷಗಳು ಕಳೆದರೂ ಒಬ್ಬ ಓದುಗನೂ ದೂರು ಕೊಡಲಿಲ್ಲ. ಸಂಪಾದಕಿಗೆ ತಪ್ಪಿಗಿಂತ ಅದೇ ಹೆಚ್ಚು ಅವಮಾನವಾಗಿ ಕಂಡಿತ್ತು. ಚೀಟಿ ಇಲ್ಲದಿದ್ದರೆ ಓದು ಅಲ್ಪವಿರಾಮನಿಗೆ. ಅವನು ಓದಿದರೆ ಪುಸ್ತಕ ಹಾಳಾಗುವುದಿಲ್ಲ, ಚೆನ್ನಾಗಿಯೇ ಬರುತ್ತದೆ. ಸಂಕಟ ಇದ್ದದ್ದು ಅಲ್ಲೇ.

“ಹೇಗೆ ಕಾಣುತ್ತೆ ಸರ್? ಮಸುಕಾ, ಎರಡೆರಡಾ, ಹೊಗೆ ಹೊಗೆಯಾ?”

ಮೂರು ಪದ. ಅವನ ಕಿವಿ ನಿಮಿರಿತು. ನಾಲ್ಕು ದಿನದಿಂದ ಅವನ ಮೇಜಿನ ಮೇಲೆ ‘ಬ್ಲರಿ’ ಕೂತಿತ್ತು. ಹಳೆಯ ಆವೃತ್ತಿ ಅದಕ್ಕೆ ‘ಮಸುಕಾದ, ಅಸ್ಪಷ್ಟ’ ಎಂದು ಕೊಟ್ಟು ಕೈತೊಳೆದುಕೊಂಡಿತ್ತು. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ‘ಡಿಮ್’ಗೂ ಅದೇ ಎರಡು, ‘ಹೇಜಿ’ಗೂ ಅದೇ, ‘ವೇಗ್’ಗೂ ಅದೇ, ಒಂದೇ ಅಂಗಿಯನ್ನು ಮನೆಮಂದಿಯೆಲ್ಲ ಸರದಿಯ ಮೇಲೆ ಹಾಕಿಕೊಂಡ ಹಾಗೆ. ಅವನು ಒಂದೊಂದಾಗಿ ಬಿಡಿಸಿದ್ದ. ಬೆಳಕು ಸಾಲದೆ ಕಾಣದಿದ್ದರೆ ಡಿಮ್, ಅದಕ್ಕೆ ಮಬ್ಬು ಇದೆ. ನಡುವೆ ಹೊಗೆಯೋ ಧೂಳೋ ಬಂದು ಕಾಣದಿದ್ದರೆ ಹೇಜಿ, ಅದಕ್ಕೆ ಮಂಜು ಇದೆ. ಹೇಳುವವನಿಗೇ ತಾನೇನು ಹೇಳುತ್ತಿದ್ದೇನೆಂದು ಗೊತ್ತಿಲ್ಲದಿದ್ದರೆ ವೇಗ್. ಕಚೇರಿಯ ಸುತ್ತೋಲೆಗಳೆಲ್ಲ ಆ ಜಾತಿ. ಬ್ಲರಿ ಮಾತ್ರ ಕೈಗೆ ಸಿಕ್ಕುತ್ತಿರಲಿಲ್ಲ. ಬೆಳಕು ಬೇಕಾದಷ್ಟಿದೆ, ನಡುವೆ ಏನೂ ಅಡ್ಡ ಬಂದಿಲ್ಲ, ವಸ್ತು ಇದ್ದಲ್ಲೇ ಇದೆ, ಆದರೂ. ಆ ‘ಆದರೂ’ದ ಮುಂದೆ ಅವನು ನಾಲ್ಕು ದಿನ ಪೆನ್ನಿನ ತುದಿ ಕಚ್ಚಿದ್ದ. ಅರ್ಥ ಹೇಗೋ ಒದಗಿತು, ಉದಾಹರಣೆ ಸಿಗಲಿಲ್ಲ. ಆ ಕಚೇರಿಯಲ್ಲಿ ಉದಾಹರಣೆಯನ್ನು ಮೇಜಿನ ಮುಂದೆ ಕೂತು ಹೊಸೆಯುವ ಹಾಗಿಲ್ಲ. ಯಾರದೋ ಬಾಯಿಂದ, ಅವರ ಪಾಡಿಗೆ ಅವರು ಆಡಿದ ಮಾತು ಕಿವಿಗೆ ಬಿದ್ದಿರಬೇಕು, ಮಧ್ಯಾಹ್ನ ಎಲ್ಲರೆದುರು ಪದಗಳನ್ನು ಓದುವಾಗ ಸಂಪಾದಕಿ “ಯಾರ ಬಾಯಿ?” ಎಂದು ಕೇಳಿದಾಗ ಆ ಬಾಯಿಯ ಕಸುಬು ಹೇಳಬೇಕು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮನೆಯಲ್ಲಿ ಅವನು ಕಿವಿ ಚಾಚಿಕೊಂಡೇ ಕೂರುತ್ತಾನೆ. ಹೆಂಡತಿ ಸಿಟ್ಟಿನಲ್ಲಿ ಏನಾದರೂ ಚೆನ್ನಾಗಿ ಅಂದುಬಿಟ್ಟರೆ ಮರುಗಳಿಗೆಯೇ, “ಬರ್ಕೋಬೇಡಿ ಮತ್ತೆ,” ಎನ್ನುತ್ತಾಳೆ. ‘ಕ್ರೂಯಲ್’ ಪದದ ಕೆಳಗೆ ‘ಔಷಧಿ ಅಂಗಡಿಯಾಕೆ’ ಎಂದು ಇರುವುದು ಅವಳೇ.

“ಇಲ್ಲಿಗೆ ಬರೋರು ಏನೇನು ಅಂತಾರಮ್ಮ?” ಎಂದ, ಗಲ್ಲ ಬಟ್ಟಲಲ್ಲಿ ಇದ್ದ ಹಾಗೆಯೇ.

“ಅಲ್ಲಾಡ್ಬೇಡಿ ಸರ್. ಏನೇನೋ ಅಂತಾರೆ. ಒಬ್ಬರು ಟೈಲರು, ಅಂಚಿನ ಹೊಲಿಗೆ ಬಿಚ್ಚಿಕೊಂಡ ಹಾಗಿದೆ ಅಂದ್ರು. ಬಸ್ ಓಡಿಸೋರು, ಗಾಜು ಒರೆಸ್ಬೇಕು ಅನ್ಸುತ್ತೆ, ಒರೆಸಿದ್ರೆ ಅಲ್ಲಿ ಗಾಜೇ ಇರಲ್ಲ ಅಂದ್ರು. ಮೊನ್ನೆ ಒಂದು ಅಜ್ಜಿ ಬಂದಿತ್ತು. ಏನಜ್ಜಿ ತೊಂದರೆ ಅಂದ್ರೆ, ತೊಂದರೆ ಏನಿಲ್ಲ ಕಣೇ, ಈಗೀಗ ನಮ್ಮ ಸೊಸೆ ಲಕ್ಷಣವಾಗಿ ಕಾಣ್ತಾಳೆ, ಅದಕ್ಕೇ ಅನುಮಾನ ಬಂತು ಅಂತು.”

ಅವನು ನಕ್ಕ; ಹಣೆ ಪಟ್ಟಿಯಿಂದ ಜಾರಿತು, ಬೈಸಿಕೊಂಡ. ಎಂಥ ಜಾಗದಲ್ಲಿ ಬಂದು ಕೂತಿದ್ದೇನೆ, ನಾಲ್ಕು ದಿನ ಎಲ್ಲೆಲ್ಲೋ ಅಲೆದೆನಲ್ಲ ಎಂದುಕೊಂಡ. ಅಂಗಡಿ ತುಂಬ ಸರಕು. ಟೈಲರನದು ಚೆನ್ನಾಗಿದೆ, ಆದರೆ ಅದು ಬಟ್ಟೆಗೇ ಅಂಟಿಕೊಂಡಿದೆ. ಡ್ರೈವರನದು ಹೇಜಿಯ ಕಡೆ ವಾಲುತ್ತದೆ. ಅಜ್ಜಿಯದು ನಿಘಂಟಿಗೆ ಹಾಕಿದರೆ ಸೊಸೆ ಕೇಸು ಹಾಕುತ್ತಾಳೆ. ಮನಸ್ಸು ಹೀಗೆ ಅಳೆಯುತ್ತ ಸುರಿಯುತ್ತ ಹಾಯಾಗಿ ತೇಲುತ್ತಿದ್ದಾಗ ಹುಡುಗಿ ಅದೇ ದನಿಯಲ್ಲಿ, “ನಿಮಗೆ?” ಎಂದಳು. ಅವನು ಯಾರಿಗೋ ಅರ್ಥ ಬಿಡಿಸಿ ಹೇಳುವ ಗತ್ತಿನಲ್ಲಿ, “ಅಕ್ಷರ ಇದೆ ಅಂತ ಗೊತ್ತಾಗುತ್ತೆ. ಅದು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ,” ಎಂದ.

ಅಂದ ಮೇಲೆ ಎರಡು ಸಂಗತಿ ಒಟ್ಟಿಗೇ ಹೊಳೆದವು. ಒಂದು, ನಾಲ್ಕು ದಿನದಿಂದ ಹುಡುಕುತ್ತಿದ್ದ ಸಾಲು ಇದೇ. ಇನ್ನೊಂದು, ಚೀಟಿ ಕೈತಪ್ಪಿತು.

ವೈದ್ಯರು ಬಂದು ನೋಡಿ, ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಲ್ಲಿ ಹೆಚ್ಚು, ಆಪರೇಷನ್ ಆಗಬೇಕು ಎಂದರು. ಕನ್ನಡಕದಿಂದ ಆಗಲ್ಲವೇ ಎಂದರೆ, ಇಲ್ಲ ಎಂದರು. ಒಂದು ತಿಂಗಳು ತಡೆಯಬಹುದೇ ಎಂದ. “ತಡೀಬಹುದು, ಅದೇನು ಓಡಿಹೋಗಲ್ಲ. ನೀವು ಓದೋದನ್ನ ತಡೀಬೇಕು ಅಷ್ಟೆ,” ಎಂದು ಹೊರಟುಹೋದರು. ಪರೀಕ್ಷೆಗೆಂದು ಕಣ್ಣಿಗೆ ಬಿಟ್ಟ ಹನಿಯ ಪ್ರಭಾವ ಸಂಜೆಯವರೆಗೆ ಇಳಿಯುವುದಿಲ್ಲವೆಂದು ಹುಡುಗಿ ಒಂದು ಕಪ್ಪು ಪ್ಲಾಸ್ಟಿಕ್ ಕನ್ನಡಕ ಕೊಟ್ಟು ಬಾಗಿಲವರೆಗೆ ಬಿಟ್ಟಳು.

ರಸ್ತೆಗೆ ಇಳಿದರೆ ಬಿಸಿಲು ಎಲ್ಲದರ ಮೇಲೂ ಚೆಲ್ಲಿಹೋಗಿತ್ತು. ಎದುರಿನ ಚಪ್ಪಲಿ ಅಂಗಡಿಯ ಬೋರ್ಡು ತನ್ನ ಚೌಕಟ್ಟಿನಿಂದ ಹೊರಗೆ ಹರಿಯುತ್ತಿತ್ತು. ಸೈಕಲ್ಲಿನವನೊಬ್ಬ ತನ್ನ ಸೈಕಲ್ಲಿನ ಜೊತೆ ಒಂದಾಗಿ, ಆಮೇಲೆ ಗೋಡೆಯ ಜೊತೆ ಒಂದಾಗಿ, ಮತ್ತೆ ಬಿಡಿಸಿಕೊಂಡು ಹೋದ. ಕಪ್ಪು ಕನ್ನಡಕದಲ್ಲಿ ತಾನು ಯಾವುದೋ ಸಿನಿಮಾದ ಖಳನಾಯಕನ ಬಂಟನ ಹಾಗೆ ಕಾಣುತ್ತಿರಬೇಕು ಎನ್ನಿಸಿ ಒಳಗೊಳಗೇ ನಗು ಬಂತು, ಮತ್ತು ಹೀಗೆ ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪನಿಗೂ ಕೊನೆಕೊನೆಗೆ ಹೀಗೇ ಇದ್ದಿರಬೇಕು. ಪೇಪರನ್ನು ದೂರ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಓದುತ್ತಿದ್ದದ್ದು ಪೇಪರಿನಲ್ಲಿ ಇರುತ್ತಿರಲಿಲ್ಲ. ಆ ದಿನ ಮಂತ್ರಿಗಳು ಆಡಬೇಕಿತ್ತು ಎಂದು ಅಪ್ಪನಿಗೆ ಅನಿಸಿದ ಮಾತುಗಳು ಇರುತ್ತಿದ್ದವು. ಅಮ್ಮ ಎಲ್ಲ ಗೊತ್ತಿದ್ದೂ, “ಆಮೇಲೆ ಏನಂದರಂತೆ?” ಎಂದು ಕೇಳುತ್ತಿದ್ದಳು. ಆಗ ಅವನಿಗೆ ಅದು ತಮಾಷೆಯಾಗಿತ್ತು, ಗೆಳೆಯರಿಗೆಲ್ಲ ಹೇಳಿಕೊಂಡು ನಕ್ಕಿದ್ದ. ಮೋರಿಯ ಅಂಚೆಂದು ಅಂದಾಜಿಸಿ ಕಾಲು ಎತ್ತಿಟ್ಟರೆ ಅದು ನೆರಳಾಗಿತ್ತು. ಏನೂ ಇಲ್ಲದ ಕಡೆ ಹೆಜ್ಜೆ ಎತ್ತಿಟ್ಟ ಗಂಡಸನ್ನು ನೋಡಿ ಹೂ ಮಾರುವಾಕೆ, “ನಿಧಾನ ಅಣ್ಣ, ಅಲ್ಲೇನಿಲ್ಲ,” ಎಂದಳು. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಯಾರೆಂದು ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ಈ ಹೊತ್ತಿಗೆ ಬೇರೆ ಯಾರೂ ಮಾಡುವುದಿಲ್ಲ.

“ಏನಂದ್ರು?” ಹೆಂಡತಿ ಕೇಳಿದಳು. ಹಿಂದೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು.

“ಪರವಾಗಿಲ್ಲ ಅಂದ್ರು.”

“ಪರವಾಗಿಲ್ಲ ಅಂದ್ರೆ? ನಿಮ್ಮ ಪುಸ್ತಕದಲ್ಲಿ ಅದಕ್ಕೆ ಎಷ್ಟು ಅರ್ಥ ಕೊಟ್ಟಿದೀರಿ?”

“ಸಂಜೆ ಬಂದು ಹೇಳ್ತೀನಿ ಕಣೇ.”

“ಸರಿ. ಪರದೆ ಯಾವ ಬಣ್ಣ?”

“ಹಸಿರು.”

“ಗೊತ್ತಾಯ್ತು ಬಿಡಿ,” ಎಂದು ಇಟ್ಟಳು. ಮಲಗುವ ಕೋಣೆಯ ಹೊಸ ಪರದೆಯ ಜಗಳ ಎರಡು ತಿಂಗಳ ಹಿಂದಿನದು. ತಾನು ತಂದದ್ದು ನೀಲಿ ಎನ್ನುತ್ತಾಳೆ ಅವಳು, ಅವನಿಗೆ ಅದು ಹಸಿರು; ನಿನಗೆ ಬಣ್ಣ ಗೊತ್ತಾಗಲ್ಲ ಎಂದು ಅವನೇ ಅವಳಿಗೆ ಹೇಳಿದ್ದ, ಗುಳಿಗೆಗಳನ್ನು ಬಣ್ಣ ನೋಡಿಯೇ ಗುರುತಿಸುವವಳಿಗೆ. ಅವಳೂ ಸ್ಪಷ್ಟವಿಲ್ಲದ್ದನ್ನು ಓದುವ ಕಸುಬಿನವಳೇ. ವೈದ್ಯರ ಬರಹ ಅರ್ಥವಾಗದಿದ್ದರೆ ಅಂಗಡಿಯಲ್ಲಿ ಎಷ್ಟು ಜನ ನಿಂತಿರಲಿ, ಫೋನ್ ಎತ್ತಿ ಅವರನ್ನೇ ಕೇಳುತ್ತಾಳೆ. ಬೈಸಿಕೊಂಡರೂ ಕೇಳುತ್ತಾಳೆ. “ಅಂದಾಜಲ್ಲಿ ಕೊಡೋಕೆ ನಾನೇನು ನಿಘಂಟು ಬರೀತೀನಾ?” ಎಂದು ಒಮ್ಮೆ ಅಂದಿದ್ದಳು, ಮತ್ತು ಬರ್ಕೋಬೇಡಿ ಎಂದು ಹೇಳುವುದನ್ನು ಆ ಸಲ ಮರೆತಿದ್ದಳು.

ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ದಾರಿ ಸಿಕ್ಕಿತ್ತು. ಚೀಟಿ ನಾಳೆ ಬರುತ್ತದೆ ಎನ್ನುವುದು. ನಾಳೆ, ವೈದ್ಯರು ಊರಲ್ಲಿಲ್ಲ ಎನ್ನುವುದು. ಹಾಗೆ ಒಂದು ವಾರ ನೂಕಿದರೆ ಓದು ಶುರುವಾಗಿರುತ್ತದೆ. ಶುರುವಾದ ಓದನ್ನು ನಡುವೆ ಕಸಿದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಹಗಲು ಬೆಳಕಿಗೆ ಕಿಟಕಿಯ ಪಕ್ಕ ಕೂತು, ಭೂತಗನ್ನಡಿ ಹಿಡಿದು, ಮುಕ್ಕಾಲನ್ನು ಅಭ್ಯಾಸಕ್ಕೆ ಬಿಟ್ಟರೆ ಆಗಿಹೋಗುತ್ತದೆ. ಕಪ್ಪು ಕನ್ನಡಕವನ್ನು ಜೇಬಿಗೆ ಇಳಿಸಿದ. ಮಧ್ಯಾಹ್ನ ಮೂರಕ್ಕೆ ಉದ್ದ ಮೇಜಿನ ಸುತ್ತ ಎಲ್ಲರೂ ಕೂತರು. ಆ ದಿನದ ಪದಗಳನ್ನು ಬರೆದವರೇ ಗಟ್ಟಿಯಾಗಿ ಓದುವುದು, ಮಿಕ್ಕವರು ಕಣ್ಣು ಮುಚ್ಚಿಕೊಂಡು ಕೇಳುವುದು. ಹಾಳೆಯ ಮೇಲೆ ಅಂದವಾಗಿ ಕಾಣುವ ಅರ್ಥ ಕಿವಿಗೆ ಬಿದ್ದಾಗ ಬಣ್ಣ ಬಿಡುತ್ತದೆ ಎಂದು ಸಂಪಾದಕಿಯ ನಂಬಿಕೆ. ಈ ಪದ್ಧತಿಯೇ ಅವನನ್ನು ಇಷ್ಟು ತಿಂಗಳು ಕಾಪಾಡಿದ್ದು. ಎಲ್ಲರ ಕಣ್ಣೂ ಮುಚ್ಚಿರುವಾಗ ಓದುವವನ ಕಣ್ಣನ್ನು ಯಾರು ನೋಡುತ್ತಾರೆ? ಅವನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ, ಹಾಳೆಯನ್ನು ಸುಮ್ಮನೆ ಎದೆಯ ಮಟ್ಟಕ್ಕೆ ಹಿಡಿದಿರುತ್ತಿದ್ದ.

“ಚೀಟಿ ತಂದ್ರಾ?” ಎಂದರು ಸಂಪಾದಕಿ, ಕಣ್ಣು ಮುಚ್ಚುವ ಮೊದಲು.

“ನಾಳೆ ಕೊಡ್ತಾರಂತೆ ಮೇಡಂ. ಡಾಕ್ಟರ ರುಜು ಆಗ್ಬೇಕು.”

“ಸರಿ. ಓದಿ.”

ಇಷ್ಟು ಸುಲಭವಾಗಿ ದಾಟಿತಲ್ಲ ಎಂದು ಅವನಿಗೇ ಆಶ್ಚರ್ಯ. ಹಾಳೆ ಎತ್ತಿಕೊಂಡ. ಹನಿ ಹಾಕಿದ ಕಣ್ಣಿಗೆ ಅದು ಹಾಲಿನ ತಟ್ಟೆಯಂತೆ ಬೆಳ್ಳಗಿತ್ತು, ಒಂದು ಅಕ್ಷರವೂ ಇರಲಿಲ್ಲ. “ಬ್ಲರಿ. ಗುಣವಾಚಕ. ಇದ್ದಲ್ಲೇ ಇದ್ದೂ ಅಂಚು ಸಿಗದ. ಒಂದರ ಗೆರೆ ಪಕ್ಕದ್ದರೊಳಕ್ಕೆ ಹರಿದು ಕಲಸಿಹೋದ. ಕಣ್ಣು, ಚಿತ್ರ, ಬರಹಕ್ಕೆ. ನೆನಪಿಗೂ ಬಳಕೆ ಇದೆ.” ಮೇಜಿನ ಆಚೆ ಯಾರೋ ಮೆಲ್ಲಗೆ ಹ್ಞೂಂ ಎಂದರು. ಹ್ಞೂಂ ಎನ್ನಿಸಿಕೊಳ್ಳುವುದು ಆ ಮೇಜಿನಲ್ಲಿ ದೊಡ್ಡ ಮಾತು. ಅವನ ಎದೆ ಉಬ್ಬಿತು. ಉಬ್ಬಿದ ಎದೆಯಲ್ಲೇ ಮುಂದುವರಿಸಿದ. “ಉದಾಹರಣೆ. ‘ಅಕ್ಷರ ಇದೆ ಅಂತ ಗೊತ್ತಾಗುತ್ತೆ. ಅದು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ.’”



“ಯಾರ ಬಾಯಿ?” ಎಂದರು ಸಂಪಾದಕಿ, ಕಣ್ಣು ತೆರೆಯದೆ.

“ಕಣ್ಣಿನ ಆಸ್ಪತ್ರೆಗೆ ಬಂದಿದ್ದ ಒಬ್ಬ ರೋಗಿ.”

“ಚೆನ್ನಾಗಿ ಅಂದಿದಾನೆ. ಕಸುಬು?”

ಟೈಲರ್ ಎಂದುಬಿಡಬಹುದಿತ್ತು. ಡ್ರೈವರ್ ಎನ್ನಬಹುದಿತ್ತು. ಒಂದು ಪದ, ಅದೂ ಮೂರೇ ಅಕ್ಷರ. ಬೆಳಿಗ್ಗೆ ಗೋಡೆಯ ಮೇಲೆ ಇಲ್ಲದ ಗಡಿಯಾರವನ್ನೇ ನಿಲ್ಲಿಸಿದವನಿಗೆ ಏನು ಮಹಾ. ಆದರೆ ಟೈಲರ್ ಎಂದರೆ ಆ ಸಾಲು ಅಲ್ಲೇ ಸುಳ್ಳಾಗುತ್ತದೆ. ಟೈಲರಾದವನು ಅಕ್ಷರ ಎನ್ನುತ್ತಿರಲಿಲ್ಲ, ದಾರ ಎನ್ನುತ್ತಿದ್ದ, ಸೂಜಿ ಎನ್ನುತ್ತಿದ್ದ. ಈ ಮೇಜಿನ ಸುತ್ತ ಕಣ್ಣು ಮುಚ್ಚಿ ಕೂತ ಪ್ರತಿಯೊಬ್ಬರಿಗೂ ಆ ಬಿರುಕು ಕೇಳಿಸುತ್ತದೆ. ಕೇಳಿಸದೆ ಹೋದರೂ ಪುಸ್ತಕ ಇರುವಷ್ಟು ದಿನ, ಬ್ಲರಿ ಎಂಬ ಪದ ತೆರೆದಾಗಲೆಲ್ಲ, ಒಬ್ಬ ಸುಳ್ಳು ಟೈಲರ್ ಅಲ್ಲಿ ಕೂತಿರುತ್ತಾನೆ. ಅವನಿಗೆ ಮೈ ಜುಮ್ಮೆಂದಿತು. ಚೀಟಿಯ ಸುಳ್ಳಿಗೆ ಜುಮ್ಮೆನ್ನದ ಮೈ ಇದಕ್ಕೆ ಯಾಕೆ ಎನ್ನುವುದು ಅವನಿಗೆ ಆಗ ಹೊಳೆಯಲಿಲ್ಲ.

“ನಿಘಂಟಿನ ಕೆಲಸ,” ಎಂದ.

ಅಲ್ಪವಿರಾಮ ಕಣ್ಣು ತೆರೆದ. ಅವನ ಮುಖ ಕಾಣಲಿಲ್ಲ, ತಲೆ ಇತ್ತ ತಿರುಗಿದ್ದು ಗೊತ್ತಾಯಿತು.

“ನಾನೇ ಮೇಡಂ. ಬೆಳಿಗ್ಗೆ.”

ಸಂಪಾದಕಿ ಇನ್ನೂ ಕಣ್ಣು ಮುಚ್ಚಿಯೇ ಇದ್ದರು. “ಬರೆದವರ ಮಾತು ನಡೆಯಲ್ಲ ಅಂತ ಗೊತ್ತಲ್ಲ?”

“ಬರೆಯೋಕೆ ಅಂತ ಆಡಿದ್ದಲ್ಲ. ಕೇಳಿದರು, ಬಾಯಿಗೆ ಬಂತು. ಪರೀಕ್ಷೆ ಮಾಡಿದ ಹುಡುಗಿ ಇದ್ದಳು.”

“ನಂಬರ್ ಕೊಡಿ.” ಆಸ್ಪತ್ರೆಯ ನಂಬರನ್ನು ಅಲ್ಪವಿರಾಮ ಹುಡುಕಿ ಹಚ್ಚಿದ, ಎಲ್ಲರಿಗೂ ಕೇಳಲೆಂದು ಫೋನನ್ನು ಮೇಜಿನ ನಡುವೆ ಇಟ್ಟ. ಸಾಕ್ಷಿ ಕೇಳುವುದೂ ಅಲ್ಲಿಯ ಪದ್ಧತಿಯೇ. ‘ಕ್ರೂಯಲ್’ಗೂ ಔಷಧಿ ಅಂಗಡಿಗೆ ಫೋನ್ ಹೋಗಿತ್ತು. ಹುಡುಗಿ, ಹೌದು, ಅವರು ಹಾಗೇ ಅಂದರು, ನಾನಿನ್ನೂ ಮರೆತಿಲ್ಲ ಎಂದಳು. ಪದಗಳೂ ಇದೇನಾ ಎಂದರೆ, ಇದೇ ಎಂದು ಇಡೀ ಸಾಲು ತಿರುಗಿ ಹೇಳಿದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಅದಕ್ಕೆ ಮೊದಲು ಚಾರ್ಟಲ್ಲಿ ಗಡಿಯಾರ ಅಂತ ಓದಿದ್ರು ಮೇಡಂ. ನೆರೆಹೊರೆ ಅಂತಾನೂ. ಇವತ್ತು ನಮ್ಮ ಡಾಕ್ಟ್ರು ಊಟದ ಹೊತ್ತಲ್ಲೂ ಅದನ್ನೇ ಹೇಳಿ ನಗ್ತಿದ್ರು. ಆಪರೇಷನ್‌ಗೆ ಯಾವ ದಿನ ಬರ್ತಾರಂತೆ?”

ಅಲ್ಪವಿರಾಮನ ಗಂಟಲಿನಿಂದ ಒಂದು ಸದ್ದು ಬಂತು. ಅವನು ಅದನ್ನು ಕೆಮ್ಮು ಮಾಡಲು ನೋಡಿದ, ಆಗಲಿಲ್ಲ. ಅವನಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹರಿಯಿತು. ಕೊನೆಗೆ ಗಡಿಯಾರ ಓದಿದವನೂ ನಕ್ಕ, ಬೆಳ್ಳನೆಯ ಹಾಳೆಯನ್ನು ಎದೆಗೆ ಹಿಡಿದುಕೊಂಡೇ. ಕಣ್ಣಲ್ಲಿ ನೀರು ಬಂತು. ಹನಿಯದು ಎಂದು ಅಂದುಕೊಂಡ.

ಸಂಪಾದಕಿ ಕಣ್ಣು ತೆರೆದರು. “ಸಾಲು ಒಳಗೆ,” ಎಂದರು. “ನೀವು ಹೊರಗೆ. ಕೊನೆಯ ಓದು ಅವರು ಮಾಡ್ತಾರೆ.”

“ಗುರುಗಳೇ,” ಎಂದ ಅಲ್ಪವಿರಾಮ, ನಿಂತ, “ನಾನು,” ಮತ್ತೆ ನಿಂತ, “ಓದಿ ಹೇಳ್ತಾ ಹೋಗ್ತೀನಿ, ನೀವು ಕಣ್ಣು ಮುಚ್ಚಿ ಕೇಳಿಸಿಕೊಂಡರೆ?”

“ಅದು ನಿಯಮದಲ್ಲಿ ಇಲ್ಲ,” ಎಂದರು ಸಂಪಾದಕಿ. “ಒಬ್ಬರೇ ಓದಬೇಕು. ಮುಂದಿನ ಪದ.”

ಮುಂದಿನ ಪದ ಬೇರೆಯವರದಾಗಿತ್ತು. ಅವನು ಹಾಳೆಯನ್ನು ಮೇಜಿಗಿಟ್ಟು ಉಳಿದವರ ಹಾಗೆ ಕಣ್ಣು ಮುಚ್ಚಿಕೊಂಡ. ಬಹಳ ದಿನದ ಮೇಲೆ ಆ ಮೇಜಿನಲ್ಲಿ ಅವನು ಸುಮ್ಮನೆ ಕೇಳಿಸಿಕೊಂಡ. ಸಂಜೆ ಮನೆಯಲ್ಲಿ ಎಲ್ಲ ಹೇಳಿದಾಗ ಹೆಂಡತಿ, ಬೇಜಾರಾಯ್ತಾ ಎಂದು ಕೇಳಿದಳು. ಆಯ್ತು ಎಂದ. ಅವಳು ಕಪ್ಪು ಕನ್ನಡಕವನ್ನು ಅವನ ಜೇಬಿನಿಂದ ತೆಗೆದು ತಾನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಳು.

ಬಲಗಣ್ಣಿನ ಆಪರೇಷನ್ ಮುಂದಿನ ಬುಧವಾರ ಆಯಿತು. ಅದೇ ದಿನ ಅಲ್ಪವಿರಾಮ ಕೊನೆಯ ಓದು ಶುರು ಮಾಡಿದ. ಪಟ್ಟಿ ಬಿಚ್ಚಿಸಿಕೊಂಡು ಬಂದವನನ್ನು ಹೆಂಡತಿ ಕೈಹಿಡಿದು ನೇರ ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಎದುರು ನಿಲ್ಲಿಸಿದಳು. ಅವನು ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ. ಪರದೆಯ ಅಂಚಿಗೆ ಸಣ್ಣ ಬಿಳಿ ಹೊಲಿಗೆ ಇತ್ತು, ಅದು ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

“ಯಾವ ಬಣ್ಣ?”

“ನೀಲಿ.”

“ಬರ್ಕೊಳ್ಳಿ,” ಎಂದಳು.

ಎಡಗಣ್ಣಿಗೆ ಮುಂದಿನ ತಿಂಗಳ ತಾರೀಖು ಕೊಟ್ಟರು.